ದಾರಿ ತೆರೆದಿದ್ದರೂ ಹೊರಬರದ ಗಣಿ ಕೂಲಿ

ಕರಿಕಲ್ಲು ಹೊತ್ತ ಲಾರಿ ನೋಡಿ ಬೆಳೆದ ಚಾಮರಾಜನಗರ, ಗುಂಡ್ಲುಪೇಟೆ ಜನಕ್ಕೆ ಕ್ವಾರಿ ಕೆಲಸ ಎಂಥಾದ್ದು ಅಂತ ಹೇಳಿಕೊಡಬೇಕಾಗಿಲ್ಲ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕು ಮಡಹಳ್ಳಿಯ ಗುಮ್ಮಕಲ್ಲು ಗುಡ್ಡ ಕುಸಿದಾಗ, ಬಂಡೆ ಅಡಿ ಸಿಕ್ಕವರನ್ನು ತೆಗೆಯುವುದು ಎಷ್ಟು ಕಷ್ಟ ಅನ್ನೋದನ್ನೂ ಜಿಲ್ಲೆ ಕಂಡಿತು. ಇಂಥ ಕಡೆ ವಿಲಿಯಂ ಹ್ಯಾಕೆಟ್ ಎಂಬ ಇಂಗ್ಲೆಂಡಿನ ಕಲ್ಲಿದ್ದಲು ಗಣಿ ಕೂಲಿಯ ಕಥೆ ಪರದೇಶದ್ದು ಅನ್ನಿಸುವುದಿಲ್ಲ.

ಹ್ಯಾಕೆಟ್ ಹುಟ್ಟಿದ್ದು 1873ರ ಜೂನ್ 11ರಂದು, ನಾಟಿಂಗ್‌ಹ್ಯಾಮ್‌ನಲ್ಲಿ. ಓದು ಬರಹ ಬಾರದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಯಾರ್ಕ್‌ಷೈರ್ ಗಣಿಗಳಲ್ಲಿ ಇದ್ದಲು ಕಡಿದದ್ದೇ ವಿದ್ಯೆ. ಹೆಂಡತಿ ಆಲಿಸ್, ಒಬ್ಬ ಮಗ, ಒಬ್ಬಳು ಮಗಳು. 1914ರಲ್ಲಿ ಯುದ್ಧ ಬಂದಾಗ ವಯಸ್ಸು ನಲವತ್ತು ದಾಟಿತ್ತು. ದಂಡಿಗೆ ಸೇರ್ತೀನಿ ಅಂತ ಹೋದರೆ ಮುದುಕ ಅಂತ ಮೂರು ಸಲ ವಾಪಸ್ ಕಳಿಸಿದರು.

ಆದರೆ ಸರ್ಕಾರಕ್ಕೆ ಗಣಿ ಕೂಲಿಗಳೇ ಬೇಕಾದ ಕಾಲ ಬಂತು. ಅದಕ್ಕೆ ಕಾರಣ ನಮ್ಮವರ ಸಾವು. 1914ರ ಡಿಸೆಂಬರ್ 20ರಂದು ಫ್ರಾನ್ಸಿನ ಝಿವಾಂಶಿ ಹಳ್ಳಿ ಹತ್ತಿರ, ಭಾರತದಿಂದ ಹೋದ ಸಿರ್ಹಿಂದ್ ಬ್ರಿಗೇಡಿನ ಕಂದಕಗಳ ಅಡಿಗೇ ಜರ್ಮನರು ಸುರಂಗ ತೋಡಿ ಹತ್ತು ಕಡೆ ಮದ್ದು ಸಿಡಿಸಿದರು. ಆಗ ಬ್ರಿಟಿಷರಿಗೆ ಬುದ್ಧಿ ಬಂತು. 1915ರ ಫೆಬ್ರವರಿಯಿಂದ ಸುರಂಗ ತೋಡುವ ದಳಗಳನ್ನೇ ಕಟ್ಟಿದರು. ನುರಿತ ಆಳಿಗೆ ದಿನಕ್ಕೆ 6 ಶಿಲಿಂಗ್! ಬಂದೂಕು ಹಿಡಿದ ಸಿಪಾಯಿಗೆ ಸಿಗುತ್ತಿದ್ದದ್ದು ಒಂದು ಶಿಲಿಂಗಿನ ಆಸುಪಾಸು. ಜೀವಕ್ಕೆ ಹಾಕಿದ ರೇಟು ಅಂತ ಬೇಕಾದರೂ ಅನ್ನಿ.

ಕೆಲಸ ಎಂಥದು? ಹಲಗೆಗೆ ಬೆನ್ನು ಒರಗಿಸಿ, ಕಾಲಿಂದ ಗುದ್ದಲಿ ಒದ್ದು ಜೇಡಿಮಣ್ಣು ಕೀಳಬೇಕು. ಸದ್ದು ಕೂಡದು. ಅತ್ತ ಶತ್ರುವೂ ತೋಡುತ್ತಿರುತ್ತಾನೆ. ಮಣ್ಣಿಗೆ ಕಿವಿ ಇಟ್ಟು ಕೂರಬೇಕು. ಯಾರು ಮೊದಲು ಸಿಡಿಸಿದರೋ ಅವರು ಬದುಕಿದರು.

1915ರ ಅಕ್ಟೋಬರ್‌ನಲ್ಲಿ ಹ್ಯಾಕೆಟ್‌ಗೆ ಈ ದಳದಲ್ಲಿ ಜಾಗ ಸಿಕ್ಕಿತು. ಇತ್ತ ಊರಲ್ಲಿ, ಗಣಿಗೆ ಇಳಿದಿದ್ದ ಹದಿಹರೆಯದ ಮಗ ಅಪಘಾತದಲ್ಲಿ ಒಂದು ಕಾಲು ಕಳಕೊಂಡ. ಅಪ್ಪನಿಗೆ ತಾನಾಗಿ ಒಂದು ಕಾಗದ ಬರೆಯಲೂ ಬಾರದು, ಬೇರೆಯವರ ಕೈಲಿ ಬರೆಸಬೇಕು.

1916ರ ಜೂನ್ 22, ಬೆಳಗಿನ ಜಾವ. ಅದೇ ಝಿವಾಂಶಿ. ಹ್ಯಾಕೆಟ್ ಮತ್ತು ನಾಲ್ವರು ಸುರಂಗದೊಳಗಿದ್ದರು. ಜರ್ಮನರು ಭಾರೀ ಮದ್ದು ಸಿಡಿಸಿದರು. ಮೇಲಿದ್ದ ಕಂಪನಿಯ ಬಹುಪಾಲು ಸೈನಿಕರು ಮಣ್ಣುಪಾಲು. ಕೆಳಗೆ ಐವರಿಗೂ ದಾರಿ ಮುಚ್ಚಿತು. ಇಪ್ಪತ್ತು ಗಂಟೆ ಅಗೆದ ಮೇಲೆ ಒಂದು ಕಿಂಡಿ ಬಿತ್ತು. ಹ್ಯಾಕೆಟ್ ಮೂವರನ್ನು ಒಬ್ಬೊಬ್ಬರಾಗಿ ತಳ್ಳಿ ಹೊರಗೆ ಕಳಿಸಿದ. ತಾನೂ ತೆವಳಿದ್ದರೆ ಆಯಿತಿತ್ತು, ಕಿಂಡಿ ಎದುರಿಗೇ ಇತ್ತು. ಆದರೆ ಒಳಗೆ ಥಾಮಸ್ ಕಾಲಿನ್ಸ್ ಎಂಬ 22ರ ಹುಡುಗ ಜಜ್ಜಿಹೋಗಿ ಬಿದ್ದಿದ್ದ, ಅವನನ್ನು ಆ ಕಿಂಡಿಯಲ್ಲಿ ಎಳೆಯುವುದು ಸಾಧ್ಯವಿರಲಿಲ್ಲ. ಹುಡುಗ ಹ್ಯಾಕೆಟ್‌ನ ನೆಂಟನಲ್ಲ, ಊರಿನವನಲ್ಲ, ಅವನ ದಳದವನೂ ಅಲ್ಲ. ಬಾ ಬಾ ಅಂತ ಹೊರಗಿನವರು ಕೂಗಿಕೊಂಡರೂ ಹ್ಯಾಕೆಟ್ ಒಪ್ಪಲಿಲ್ಲ. ಮಣ್ಣಿನ ಗುಣ ಬಲ್ಲವನು, ಅದು ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದು ತಿಳಿಯದೆ ಕೂತವನಲ್ಲ. ಸುರಂಗ ಕುಸಿಯಿತು. ನಾಲ್ಕು ದಿನ ಅಗೆದರೂ ಇಬ್ಬರೂ ಸಿಗಲಿಲ್ಲ.

ಅದೇ ಆಗಸ್ಟಿನಲ್ಲಿ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಅವತ್ತು ಆತ ಯಾರ ಮೇಲೂ ಗುಂಡು ಹಾರಿಸಿರಲಿಲ್ಲ ಅನ್ನೋದು ಗಮನಿಸಬೇಕಾದ ಮಾತು. ನವೆಂಬರ್‌ನಲ್ಲಿ ಆಲಿಸ್ ಅರಮನೆಗೆ ಹೋಗಿ ದೊರೆ ಐದನೇ ಜಾರ್ಜ್ ಕೈಯಿಂದ ಪದಕ ಇಸಕೊಂಡಳು.

2010ರ ಜೂನ್ 19ರಂದು ಝಿವಾಂಶಿಯಲ್ಲಿ ಸುರಂಗ ಸೈನಿಕರ ಸ್ಮಾರಕ ಅನಾವರಣಗೊಂಡಿತು. ಹ್ಯಾಕೆಟ್, ಕಾಲಿನ್ಸ್ ಇಬ್ಬರೂ ಅಲ್ಲೇ, ಸುಮಾರು 40 ಅಡಿ ಕೆಳಗೆ ಇದ್ದಾರೆ.