ಸಿಡುಬಿನ ಊರಲ್ಲಿ ಉಳಿದ ಗುರು: ಸಂತ ಜೋಸೆಫ್ ವಾಜ್

ಪ್ರತಿವರ್ಷ ಜನವರಿ 16ರಂದು ನಾವು ಸಂತ ಜೋಸೆಫ್ ವಾಜ್ ಅವರ ಹಬ್ಬವನ್ನು ಆಚರಿಸುತ್ತೇವೆ. ಅವರ ಹೆಸರಿನ ಮುಡಿಪು ಪುಣ್ಯಕ್ಷೇತ್ರಕ್ಕೆ ಕ್ರೈಸ್ತರಷ್ಟೇ ಅಲ್ಲ, ಅನ್ಯಧರ್ಮೀಯ ಬಾಂಧವರೂ ಹರಕೆ ಹೊತ್ತು ಬರುತ್ತಾರೆ. ಈ ಸಂತರನ್ನು ನೆನೆಯುವಾಗ ನಮ್ಮ ನಡುವೆ ಆಗಾಗ ಏಳುವ ಒಂದು ಪ್ರಶ್ನೆಯೂ ನೆನಪಾಗುತ್ತದೆ. ಧರ್ಮಸಭೆಯ ಮಿಶನ್ ಕಾರ್ಯವೆಂದರೆ ಶುಭಸಂದೇಶ ಸಾರುವುದೋ, ರೋಗಿಗಳ ಹಾಗೂ ಬಡವರ ಸೇವೆಯೋ? ಆಸ್ಪತ್ರೆ, ಶಾಲೆಗಳಷ್ಟೇ ಸಾಕು ಎನ್ನುವವರಿದ್ದಾರೆ. ಹಾಗಾದರೆ ಧರ್ಮಸಭೆಗೂ ಸಮಾಜಸೇವಾ ಸಂಸ್ಥೆಗೂ ವ್ಯತ್ಯಾಸವೇನು ಎಂದು ಕೇಳುವವರೂ ಇದ್ದಾರೆ. ಇನ್ನು ಹೊರಗಿನ ಕೆಲವರಿಗೆ ನಮ್ಮ ಸೇವೆಯೇ ಮತಾಂತರದ ಗಾಳವೆಂಬ ಸಂಶಯ. ಈ ಮೂವರಿಗೂ ವಾಜ್ ಅವರ ಬಾಳು ಉತ್ತರ ಕೊಡುತ್ತದೆ ಎಂಬುದು ನಮ್ಮ ನಂಬಿಕೆ.

ಜೋಸೆಫ್ ವಾಜ್ 1651ರ ಏಪ್ರಿಲ್ 21ರಂದು ಗೋವಾದ ಬಾಣಾವಳಿಯಲ್ಲಿ, ತಾಯಿಯ ಊರಿನಲ್ಲಿ ಹುಟ್ಟಿದರು. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕ್ವಾಳದವರು, ತಾಯಿ ಮರಿಯಾ ದೆ ಮಿರಾಂದಾ. 1676ರಲ್ಲಿ ಗುರುದೀಕ್ಷೆ ಪಡೆದ ಮೇಲೆ ಅವರು ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಮರುವರ್ಷ ತಮ್ಮನ್ನು ಮಾತೆ ಮರಿಯಳ ದಾಸನೆಂದು ಬರೆದು ಒಪ್ಪಿಸಿಕೊಂಡರು.

1681ರಲ್ಲಿ ಅವರನ್ನು ನಮ್ಮ ಕೆನರಾಕ್ಕೆ ಕಳುಹಿಸಲಾಯಿತು. ಆಗ ಇಲ್ಲಿಯ ಕ್ರೈಸ್ತರು ಗೋವಾದ ಅಧಿಕಾರವನ್ನು ಒಪ್ಪುವವರು, ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ಥೋಮಸ್ ದೆ ಕಾಸ್ತ್ರೊ ಅವರನ್ನು ಒಪ್ಪುವವರು ಎಂದು ಒಡೆದುಹೋಗಿದ್ದರು. ವಾಜ್ ಅವರು ಜಗಳ ಬೆಳೆಸದೆ ಸಮಾಧಾನದ ದಾರಿ ಹುಡುಕಿದರು. ಮಂಗಳೂರು, ಮೂಲ್ಕಿ, ಕಲ್ಯಾಣಪುರ, ಬಾರ್ಕೂರು, ಬಸ್ರೂರುಗಳಲ್ಲಿ ನಡೆದಾಡಿ ಭಕ್ತಸಂಘಗಳನ್ನು ಕಟ್ಟಿದರು, ಮಕ್ಕಳಿಗೆ ಪಾಠಶಾಲೆ ತೆರೆದರು. ಗುಲಾಮರಾಗಿ ಮಾರಾಟವಾಗಿದ್ದ ಕ್ರೈಸ್ತರನ್ನು ಹಣ ಕೊಟ್ಟು ಬಿಡಿಸಿದರು. ಬಲಿಪೂಜೆ ಅರ್ಪಿಸಿದ ಕೈಯೇ ಬಿಡುಗಡೆಯ ಹಣವನ್ನೂ ಎಣಿಸಿಕೊಟ್ಟಿತು ಎಂಬುದನ್ನು ನಾವು ಗಮನಿಸಬೇಕು.

1684ರಲ್ಲಿ ಗೋವಾಕ್ಕೆ ಮರಳಿದ ಅವರು ಮರುವರ್ಷ ಅಲ್ಲಿಯ ಓರೆಟರಿ ಗುರುಗಳ ಕೂಟಕ್ಕೆ ಸೇರಿ ಅದರ ಮುಖ್ಯಸ್ಥರಾದರು. ಆದರೆ ಅವರ ಮನಸ್ಸು ಸಿಲೋನಿನಲ್ಲಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಗೆದ್ದ ಮೇಲೆ ಕಥೋಲಿಕ ಗುರುಗಳಿಗೆ ಅಲ್ಲಿ ಜಾಗವಿರಲಿಲ್ಲ. ಜನರು ವರ್ಷಗಟ್ಟಲೆ ಸಂಸ್ಕಾರಗಳಿಲ್ಲದೆ ಬದುಕಿದ್ದರು. ವಾಜ್ ಅವರು 1686ರಲ್ಲಿ ಹೊರಟು, ಕೂಲಿಯಾಳಿನ ವೇಷದಲ್ಲಿ, ಜಾನ್ ಎಂಬ ಸೇವಕನೊಂದಿಗೆ 1687ರಲ್ಲಿ ಜಾಫ್ನಾ ಮುಟ್ಟಿದರು.

ಇಳಿದ ಕೂಡಲೇ ಭೇದಿಯಿಂದ ಹಾಸಿಗೆ ಹಿಡಿದರು. ಆಗ ದಯಾಳುವಾದ ಒಬ್ಬ ಹೆಂಗಸು ದಿನವೂ ಗಂಜಿ ತಂದುಕೊಟ್ಟು ಉಳಿಸಿದಳು ಎಂದು ಅವರ ಚರಿತ್ರೆ ಹೇಳುತ್ತದೆ. ಸುವಾರ್ತೆ ಸಾರಲು ಬಂದವರು ಆ ನಾಡಿನಲ್ಲಿ ಮೊದಲು ಪಡೆದದ್ದು ಇನ್ನೊಬ್ಬರ ಸೇವೆಯನ್ನೇ! ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆ ಮನೆ ಭಿಕ್ಷೆ ಬೇಡಿದರು. ಜಪಮಾಲೆಯನ್ನು ಗುರುತಿಸಿದವರೇ ಕಥೋಲಿಕರು. ಅಂಥವರ ಮನೆಗಳಲ್ಲಿ ರಾತ್ರಿ ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು.

ಡಚ್ಚರ ಕಾಟ ಹೆಚ್ಚಿದಾಗ ಪುತ್ತಳಂಗೆ ಹೋಗಿ, ಅಲ್ಲಿಂದ 1692ರಲ್ಲಿ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯನ ರಾಜಧಾನಿ ಕ್ಯಾಂಡಿಗೆ ಬಂದರು. ಪೋರ್ಚುಗೀಸರ ಗೂಢಚಾರನೆಂಬ ಆಪಾದನೆ ಹೊರಿಸಿ ಅವರನ್ನು ಸೆರೆಯಲ್ಲಿಟ್ಟರು. ಅವರು ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಕ್ರಮೇಣ ಕಾವಲು ಸಡಿಲವಾಯಿತು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಡಿಯಿತು. ಅರಸ ಊರು ಬಿಟ್ಟ. ರೋಗ ತಗುಲಿದವರನ್ನು ಮನೆಯವರೇ ಕಾಡಿಗೆ ಸಾಗಿಸಿ ಬಿಟ್ಟುಬಂದರು. ಓಡಿಹೋಗಲು ವಾಜ್ ಅವರಿಗೂ ದಾರಿಯಿತ್ತು, ಆದರೆ ಅವರು ಉಳಿದರು. ಆ ವರ್ಷವೇ ಗೋವಾದಿಂದ ಬಂದಿದ್ದ ಸೋದರಳಿಯ, ಗುರು ಜೋಸೆಫ್ ಕಾರ್ವಾಲೊ ಅವರೂ ಜೊತೆಗೆ ನಿಂತರು. ಜನ ಬಿಟ್ಟುಹೋದ ಮನೆಗಳನ್ನೇ ಆಸ್ಪತ್ರೆ ಮಾಡಿದರು. ಕಾಡಿನಲ್ಲಿ ಬಿದ್ದವರಿಗೆ ಗುಡಿಸಲು ಕಟ್ಟಿದರು. ಅನ್ನ ಬೇಯಿಸಿ ಉಣಿಸಿದರು, ಹುಣ್ಣು ತೊಳೆದರು, ಹೆಣ ಹೊತ್ತು ಮಣ್ಣು ಮಾಡಿದರು. ರೋಗಿ ಬೌದ್ಧನೋ ಕ್ರೈಸ್ತನೋ ಎಂದು ನೋಡಲಿಲ್ಲ. ಕೇಳಿದವರಿಗೆ ದೇವರ ಮಾತನ್ನೂ ಹೇಳಿದರು, ಬಯಸಿದವರಿಗೆ ಸಂಸ್ಕಾರಗಳನ್ನೂ ಕೊಟ್ಟರು. ಆದರೆ ಗಂಜಿಗೆ ಯಾವ ಷರತ್ತೂ ಇರಲಿಲ್ಲ.

ರೋಗ ತಗ್ಗಿದ ಮೇಲೆ ಅರಸನ ಸಂಶಯವೂ ಕರಗಿ, ತನ್ನ ರಾಜ್ಯದಲ್ಲಿ ಅವರ ಕೆಲಸಕ್ಕೆ ಪೂರ್ಣ ಸ್ವಾತಂತ್ರ್ಯ ಕೊಟ್ಟ. ಗೋವಾದಿಂದ ಇನ್ನಷ್ಟು ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮ್ ಗೊನ್ಸಾಲ್ವಿಸ್ ಸಿಂಹಳ, ತಮಿಳು ಭಾಷೆಗಳಲ್ಲಿ ಕ್ರೈಸ್ತ ಸಾಹಿತ್ಯವನ್ನೇ ಕಟ್ಟಿದರು. ವಾಜ್ ಅವರು ತಮಗೆ ಬಂದ ಉನ್ನತ ಪದವಿಯನ್ನು ಒಲ್ಲೆನೆಂದು, 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಕಣ್ಮುಚ್ಚಿದರು. 1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪಾಲ್ ಕೊಲಂಬೊದಲ್ಲಿ ಅವರನ್ನು ಪುನೀತರೆಂದು, ಅದೇ ನಗರದಲ್ಲಿ 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ವಾಜ್ ಅವರು ಸಿಲೋನಿಗೆ ಹೋದದ್ದು ಆಸ್ಪತ್ರೆ ಕಟ್ಟಲು ಅಲ್ಲ, ಗುರುಗಳಿಲ್ಲದ ಜನರಿಗೆ ಸಂಸ್ಕಾರ ನೀಡಲು. ಆದುದರಿಂದ ಸೇವೆಯೊಂದೇ ಮಿಶನ್ ಎನ್ನುವವರಿಗೆ ಅವರು ಪೂರ್ಣ ಆಧಾರವಾಗಲಾರರು. ಆದರೆ ಸಿಡುಬು ಬಂದಾಗ, ಇದು ನನ್ನ ಕೆಲಸವಲ್ಲ ಎಂದು ಅವರು ಹೇಳಲಿಲ್ಲ. ಹಸಿದವನ ಮುಂದೆ, ನರಳುವವನ ಮುಂದೆ ಮೊದಲು ಬರಬೇಕಾದದ್ದು ಗಂಜಿ ಮತ್ತು ಮದ್ದು. ಅದು ಧರ್ಮಬೋಧನೆಗೆ ಪೀಠಿಕೆಯಲ್ಲ, ಗಾಳವಂತೂ ಅಲ್ಲ, ಅದೇ ಸುವಾರ್ತೆಯ ಆಚರಣೆ. ಅರಸನ ವಿಶ್ವಾಸ ಆಮೇಲೆ ಬಂತು. ಅದನ್ನು ಗಳಿಸಲೆಂದೇ ಸೇವೆ ಮಾಡಿದ್ದರೆ, ಉಳಿಯುವುದೇ ಖಾತ್ರಿಯಿಲ್ಲದ ಆ ಊರಿನಲ್ಲಿ ಯಾರು ತಾನೇ ನಿಲ್ಲುತ್ತಿದ್ದರು?

ಇಂದು ನಮ್ಮ ಕರಾವಳಿಯಲ್ಲಿ ದೊಡ್ಡ ಆಸ್ಪತ್ರೆಗಳಿವೆ, ಹೆಸರಾಂತ ಶಾಲೆ ಕಾಲೇಜುಗಳಿವೆ. ಅವುಗಳ ಬಾಗಿಲಲ್ಲಿ ದುಡ್ಡಿಲ್ಲದವನಿಗೆ ಏನಾಗುತ್ತದೆ ಎಂಬುದನ್ನು ನೋಡಿದರೆ ನಮ್ಮ ಮಿಶನ್ ಎಲ್ಲಿದೆಯೆಂದು ತಿಳಿಯುತ್ತದೆ. ಮುಂದಿನ ಬಾರಿ ಮುಡಿಪು ಗುಡ್ಡ ಹತ್ತುವಾಗ ನಮ್ಮ ಹರಕೆಗಳ ಜೊತೆಗೆ ಈ ಪ್ರಶ್ನೆಯನ್ನೂ ಸಂತರ ಪಾದದಲ್ಲಿ ಇಡೋಣ.