ಕ್ಲಾರೆನ್ಸ್ ಡ್ಯಾರೋ

ನ್ಯಾಯಾಲಯದಲ್ಲಿ ಸೋಲು, ಗೆಲವು ಎರಡೇ ಉಂಟೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಜ್ಯೂರಿ ಪದ್ಧತಿಯಿರುವ ಅಮೆರಿಕದಲ್ಲಿ ಮೂರನೆಯದೊಂದುಂಟು. ತೀರ್ಪು ಬರುವ ಮೊದಲೇ ವಿಚಾರಣೆಯು ಮುರಿದು ಬೀಳುವುದು. ಇದಕ್ಕೆ ‘ಮಿಸ್‌ಟ್ರಯಲ್’ ಎಂದು ಹೆಸರು. ಆಗ ಆರೋಪಿಯು ಅಪರಾಧಿಯೂ ಅಲ್ಲ, ಬಿಡುಗಡೆ ಹೊಂದಿದವನೂ ಅಲ್ಲ. ಜ್ಯೂರಿಯಲ್ಲಿ ಒಮ್ಮತವಾಗದೆ ಹೀಗಾದರೆ, ಹೊಸ ಜ್ಯೂರಿಯ ಮುಂದೆ ಸರಕಾರವು ಮತ್ತೆ ಮೊದಲಿನಿಂದ ಮೊಕದ್ದಮೆ ನಡೆಸಬಹುದು. ಇದನ್ನು ವಕೀಲನಾಗಿಯೂ ಆರೋಪಿಯಾಗಿಯೂ ಅನುಭವಿಸಿದವನು ಕ್ಲಾರೆನ್ಸ್ ಡ್ಯಾರೋ.

ಆತನು 1857ರಲ್ಲಿ ಓಹಾಯೋ ಸಂಸ್ಥಾನದ ಕಿನ್ಸ್‌ಮನ್ ಎಂಬ ಸಣ್ಣ ಊರಿನ ಬಳಿ ಜನಿಸಿದನು. ತಂದೆಯು ಮೇಜು ಕುರ್ಚಿಗಳನ್ನು ಮಾಡಿ ಜೀವಿಸುತ್ತಿದ್ದವನು. ಮಗನು ಕಾನೂನು ಶಾಲೆಯಲ್ಲಿ ಒಂದೇ ವರ್ಷ ಓದಿ, ಪದವಿಯಿಲ್ಲದೆಯೇ 1878ರಲ್ಲಿ ವಕೀಲನಾದನು. ಮುಂದೆ ಷಿಕಾಗೋ ನಗರದಲ್ಲಿ ರೈಲ್ವೆ ಕಂಪನಿಯ ವಕೀಲನಾಗಿ ಸುಖವಾಗಿದ್ದನು. 1894ರ ಪುಲ್‌ಮನ್ ಮುಷ್ಕರದ ಕಾಲಕ್ಕೆ ಆ ಕೆಲಸವನ್ನು ಬಿಟ್ಟು ಕಾರ್ಮಿಕ ನಾಯಕ ಯೂಜೀನ್ ಡೆಬ್ಸ್‌ನ ಪರವಾಗಿ ನಿಂತನು. 1895ರಲ್ಲಿ ಒಳಸಂಚಿನ ವಿಚಾರಣೆ ನಡೆಯುತ್ತಿದ್ದಾಗ ಜ್ಯೂರಿಯೊಬ್ಬನು ಕಾಯಿಲೆ ಬಿದ್ದುದರಿಂದ ವಿಚಾರಣೆ ನಿಂತಿತು. ಮತ್ತೆ ಆರಂಭವಾಗಲೇ ಇಲ್ಲ.

1911ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಮ್ಯಾಕ್‌ನಮಾರ ಸೋದರರ ಪರವಾಗಿ ವಾದಿಸಲು ಹೋದ ಡ್ಯಾರೋ, ಜ್ಯೂರಿಗಳಿಗೆ ಲಂಚ ಕೊಡಿಸಿದನೆಂಬ ಆರೋಪಕ್ಕೆ ಗುರಿಯಾದನು. 1912ರ ಮೊದಲ ವಿಚಾರಣೆಯಲ್ಲಿ ಬಿಡುಗಡೆಯಾಯಿತು. 1913ರ ಎರಡನೆಯದರಲ್ಲಿ 8 ಮಂದಿ ಅಪರಾಧಿಯೆಂದರು, 4 ಮಂದಿ ಒಪ್ಪಲಿಲ್ಲ. ಒಮ್ಮತವಿಲ್ಲದೆ ವಿಚಾರಣೆ ಮುರಿಯಿತು. ಸೆರೆಮನೆ ತಪ್ಪಿತು, ಕಳಂಕ ತಪ್ಪಲಿಲ್ಲ. ಆತನು ನಿರಪರಾಧಿಯೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ.

ಹೀಗೆ ಬೆಂದವನೇ 1925ರಲ್ಲಿ ಡೆಟ್ರಾಯಿಟ್ ನಗರಕ್ಕೆ ಬಂದನು. ಒಸಿಯನ್ ಸ್ವೀಟ್ ಎಂಬ ನೀಗ್ರೋ ವೈದ್ಯನು ಬಿಳಿಯರ ಬೀದಿಯಲ್ಲಿ ಮನೆ ಕೊಂಡಿದ್ದನು. ಜನ ಗುಂಪುಗೂಡಿ ಮನೆಗೆ ಕಲ್ಲೆಸೆದರು. ಒಳಗಿನಿಂದ ಗುಂಡು ಹಾರಿ ಬಿಳಿಯನೊಬ್ಬನು ಸತ್ತನು. ವೈದ್ಯನೂ ಸೇರಿ 11 ಮಂದಿಯ ಮೇಲೆ ಕೊಲೆಯ ಆರೋಪ ಬಂದಿತು. ನ್ಯಾಯಾಧೀಶನು ಫ್ರಾಂಕ್ ಮರ್ಫಿ. ಜ್ಯೂರಿಯ 12 ಮಂದಿಯೂ ಬಿಳಿಯರು. ತನ್ನ ಮನೆಯನ್ನು ರಕ್ಷಿಸಿಕೊಳ್ಳುವ ಹಕ್ಕು ಮೈಬಣ್ಣ ನೋಡಿ ಬರುವುದಿಲ್ಲವೆಂಬುದೇ ಡ್ಯಾರೋನ ವಾದದ ತಿರುಳು. ಜ್ಯೂರಿಯು ಸುಮಾರು 46 ಗಂಟೆ ಚರ್ಚಿಸಿಯೂ ಒಮ್ಮತಕ್ಕೆ ಬರಲಿಲ್ಲ. ಮತ್ತೆ ಮಿಸ್‌ಟ್ರಯಲ್! 1926ರಲ್ಲಿ ವೈದ್ಯನ ತಮ್ಮ ಹೆನ್ರಿಯನ್ನು ಬೇರೆಯಾಗಿ ವಿಚಾರಿಸಲು, ಮತ್ತೊಂದು ಬಿಳಿಯರ ಜ್ಯೂರಿಯು ಅವನನ್ನು ಬಿಡುಗಡೆ ಮಾಡಿತು. ಮರುವರ್ಷ ಉಳಿದವರ ಮೇಲಿನ ಆರೋಪಗಳೂ ರದ್ದಾದವು.

ಡ್ಯಾರೋ 1938ರಲ್ಲಿ ತೀರಿಕೊಂಡನು. ತೀರ್ಪಿಲ್ಲದ ವಿಚಾರಣೆಯು ಆತನ ಹೆಸರಿಗೆ ಮಸಿ ಬಳಿಯಿತು; ಸ್ವೀಟ್ ಮನೆತನಕ್ಕೆ ಉಸಿರಾಡಲು ಸಮಯ ಕೊಟ್ಟಿತು. ಸಂದೇಹವಿರುವಾಗ ಹತ್ತು ಜನರ ಜೊತೆ ಕೈಯೆತ್ತದೆ ನಿಲ್ಲಬಲ್ಲವರಿದ್ದರೆ ಮಾತ್ರ ನ್ಯಾಯಕ್ಕೆ ಎರಡನೆಯ ಅವಕಾಶ ದೊರೆಯುವುದು. ವಿದ್ಯಾವಂತರೆನಿಸಿಕೊಳ್ಳುವ ನಾವು ಈ ಬಾಳಿನಿಂದ ಕಲಿಯಬೇಕಾದುದು ಇದನ್ನೇ.