ಛಾಯಾಗ್ರಾಹಕ ರಾಜಾ ದೀನದಯಾಳರು

ಗದಗ ಸೀಮೆಯ ಮುಳಗುಂದ ಪ್ರಾಚೀನವಾದ ಊರು. ಕವಿ ನಯಸೇನನು 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದ್ದು ಇಲ್ಲಿಯೇ. ಆತನ ಮಾತು ಒಂಬತ್ತು ಶತಮಾನಗಳನ್ನು ದಾಟಿ ನಮಗೆ ಉಳಿದುಬಂದಿದೆ. ಆದರೆ ಆತನ ಮುಖ ಹೇಗಿತ್ತೆಂಬುದನ್ನು ಬಲ್ಲವರು ಇಂದು ಯಾರೂ ಇಲ್ಲ. ಇಂಥ ಊರುಗಳ ಹಳೆಯ ಮನೆಗಳ ಪಡಸಾಲೆಯಲ್ಲಿ ಮುತ್ತಜ್ಜನ ಭಾವಚಿತ್ರ ತೂಗುತ್ತಿರುವುದನ್ನು ನೀವು ಕಂಡಿರಬಹುದು. ರುಮಾಲು ಸುತ್ತಿ, ಕೋಟು ತೊಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕುಳಿತ ಆ ಹಿರಿಯನನ್ನು ಎಂದೂ ಕಾಣದ ಮರಿಮಕ್ಕಳೂ ಗುರುತಿಸಬಲ್ಲರು. ಚಿತ್ರಕಾರರನ್ನು ಸಾಕಬಲ್ಲ ಅರಸರಿಗೂ ಸಿರಿವಂತರಿಗೂ ಮೀಸಲಾಗಿದ್ದ ಈ ಭಾಗ್ಯವನ್ನು ಸಾಮಾನ್ಯರಿಗೂ ತಂದುಕೊಟ್ಟುದು ಛಾಯಾಚಿತ್ರಕಲೆ. ಭಾರತದಲ್ಲಿ ಆ ಕಲೆಯನ್ನು ಎತ್ತರಕ್ಕೊಯ್ದವರಲ್ಲಿ ರಾಜಾ ದೀನದಯಾಳರು ಅಗ್ರಗಣ್ಯರು.

ದೀನದಯಾಳರು 1844ರಲ್ಲಿ ಮೀರತ್ ನಗರದ ಸಮೀಪದ ಸರ್ಧನಾ ಎಂಬ ಊರಿನಲ್ಲಿ, ಜೈನ ಮನೆತನವೊಂದರಲ್ಲಿ ಜನಿಸಿದರು. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಶಿಕ್ಷಣ ಪಡೆದು, 1866ರಲ್ಲಿ ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆಗಾರರಾಗಿ ಸೇರಿದರು. 1874ರ ಸುಮಾರಿಗೆ ಅವರಿಗೆ ಛಾಯಾಚಿತ್ರದ ಹವ್ಯಾಸ ಹತ್ತಿತು. ಇಂದೂರಿನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳ್ಕರರು ಅವರಿಗೆ ಪ್ರೋತ್ಸಾಹ ನೀಡಿದರು. ಕ್ರಮೇಣ ಹವ್ಯಾಸವೇ ಬಾಳಿನ ಗುರಿಯಾಯಿತು. ತಿಂಗಳು ತಿಂಗಳಿಗೆ ಸಂಬಳ ತರುವ ಸರಕಾರಿ ನೌಕರಿಯನ್ನು ತೊರೆದು, ಇನ್ನೂ ಹೊಸದಾಗಿದ್ದ ಕಸುಬನ್ನು ನಂಬುವುದು ಅಂದು ಸಣ್ಣ ಸಾಹಸವಾಗಿರಲಿಲ್ಲ. ದೀನದಯಾಳರು ಆ ಸಾಹಸಕ್ಕೆ ಮುಂದಾದರು.

1880ರ ದಶಕದಲ್ಲಿ ಅವರು ಹೈದರಾಬಾದಿಗೆ ಬಂದು, ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು. ಬೀದರ್, ಕಲಬುರಗಿ, ರಾಯಚೂರು ಮೊದಲಾದ ಕನ್ನಡ ಪ್ರದೇಶಗಳೂ ಆಗ ಆ ಸಂಸ್ಥಾನಕ್ಕೆ ಸೇರಿದ್ದವು. ಗದಗಿನ ನೆರೆಯ ಕೊಪ್ಪಳದವರೆಗೂ ಅದರ ಎಲ್ಲೆ ಹಬ್ಬಿತ್ತು. 1886ರಲ್ಲಿ ಸಿಕಂದರಾಬಾದಿನಲ್ಲಿಯೂ 1896ರಲ್ಲಿ ಮುಂಬಯಿಯಲ್ಲಿಯೂ ಅವರ ಸ್ಟುಡಿಯೋಗಳು ತೆರೆದವು.

ಅಂದಿನ ಸ್ಟುಡಿಯೋದ ಸಲಕರಣೆಗಳು ಬಹು ಸರಳವಾದವು. ಮರದ ಪೆಟ್ಟಿಗೆಯಂಥ ಕ್ಯಾಮೆರಾ, ಅದನ್ನು ನಿಲ್ಲಿಸಲು ಮೂರು ಕಾಲಿನ ಆಸರೆ, ತಲೆಯ ಮೇಲೆ ಹೊದೆಯಲು ಕರಿಯ ಬಟ್ಟೆ, ಮದ್ದು ಲೇಪಿಸಿದ ಗಾಜಿನ ಫಲಕ, ಹಿಂದೊಂದು ಬಣ್ಣದ ಪರದೆ. ದೀಪವೆಂದರೆ ಸೂರ್ಯನೇ. ಗಾಜಿನ ಮಾಡಿನಿಂದಲೋ ದೊಡ್ಡ ಕಿಟಕಿಯಿಂದಲೋ ಬರುವ ಬೆಳಕನ್ನು ಪರದೆಗಳಿಂದ ಹದಗೊಳಿಸಬೇಕಾಗಿತ್ತು. ಬೆಳಕು ಒಂದು ಮಗ್ಗುಲಿನಿಂದ ಬಿದ್ದರೆ ಮೂಗು, ಕೆನ್ನೆ, ಗಲ್ಲಗಳ ಉಬ್ಬುತಗ್ಗುಗಳು ಎದ್ದು ಕಾಣುವುವು. ನೇರವಾಗಿ ಮುಖಕ್ಕೆ ಬಿದ್ದರೆ ಚಿತ್ರ ಚಪ್ಪಟೆಯಾಗುವುದು. ಚಿತ್ರ ಮೂಡಲು ಕೆಲವು ಕ್ಷಣಗಳೇ ಹಿಡಿಯುತ್ತಿದ್ದುದರಿಂದ ಕುಳಿತವರು ಅಲುಗಾಡುವಂತಿರಲಿಲ್ಲ. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಸರೆಯನ್ನು ಕೊಡುವ ರೂಢಿಯೂ ಇತ್ತು. ಹಳೆಯ ಚಿತ್ರಗಳಲ್ಲಿ ನಮ್ಮ ಹಿರಿಯರು ಬಿಗಿದುಕೊಂಡು ಕುಳಿತಂತೆ ತೋರಲು ಇದೂ ಒಂದು ಕಾರಣ. ಇಷ್ಟು ಕಟ್ಟುಪಾಡುಗಳ ನಡುವೆಯೂ ವ್ಯಕ್ತಿಯ ಘನತೆ ಮಾಸದಂತೆ ಅವರನ್ನು ಕೂರಿಸುವುದರಲ್ಲಿ ದೀನದಯಾಳರ ಕೌಶಲವಿತ್ತು.

ಅವರ ಮುಂದೆ ಇನ್ನೊಂದು ತೊಡಕಿತ್ತು. ಪರದೆಯ ಪದ್ಧತಿಯನ್ನು ಪಾಲಿಸುತ್ತಿದ್ದ ಮನೆತನಗಳ ಸ್ತ್ರೀಯರು ಪರಪುರುಷರ ಎದುರಿಗೆ ಬರುವಂತಿರಲಿಲ್ಲ. ಹೀಗಾಗಿ ತಂದೆಯ, ಗಂಡನ, ಮಗನ ಚಿತ್ರಗಳು ಮನೆಯಲ್ಲಿ ಉಳಿದರೂ ತಾಯಿಯ ಚಿತ್ರ ಉಳಿಯುತ್ತಿರಲಿಲ್ಲ. ಆ ಪದ್ಧತಿಯನ್ನು ಹಳಿಯುವುದರಲ್ಲಿ ಕಾಲ ಕಳೆಯದೆ, ದೀನದಯಾಳರು ಅದರೊಳಗೇ ದಾರಿಯೊಂದನ್ನು ಹುಡುಕಿದರು. 1892ರಲ್ಲಿ ಹೈದರಾಬಾದಿನಲ್ಲಿ ಸ್ತ್ರೀಯರಿಗಾಗಿಯೇ ‘ಜನಾನಾ ಸ್ಟುಡಿಯೋ’ ಒಂದನ್ನು ತೆರೆದು, ಅದರ ಆಡಳಿತವನ್ನು ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಗೆ ಒಪ್ಪಿಸಿದರು. ಹೊರಗಿನವರ ದೃಷ್ಟಿ ತಾಗದಂತೆ ಸುತ್ತಲೂ ಎತ್ತರವಾದ ಗೋಡೆಗಳಿದ್ದವು. ಒಳಗೆ ಚಿತ್ರ ತೆಗೆಸಿಕೊಳ್ಳುವವರೂ ಸ್ತ್ರೀಯರು, ತೆಗೆಯುವವರೂ ಸ್ತ್ರೀಯರು. ಹೊರಲೋಕ ಕಾಣದ ಎಷ್ಟೋ ಮುಖಗಳು ಹೀಗೆ ಕಾಲದ ಕೈಯಿಂದ ಪಾರಾದವು. ಕೆಲವು ಹೆಂಗಳೆಯರ ಕೈಗೆ ಹೊಸ ವಿದ್ಯೆಯೂ ದೊರೆಯಿತು.

ನಿಜಾಮರು 1894ರಲ್ಲಿ ಅವರಿಗೆ ‘ರಾಜಾ’ ಪದವಿಯನ್ನೂ ‘ಮುಸವ್ವಿರ್ ಜಂಗ್’ ಎಂಬ ಬಿರುದನ್ನೂ ಇತ್ತು ಗೌರವಿಸಿದರು. ಮುಸವ್ವಿರ್ ಎಂದರೆ ಚಿತ್ರಕಾರ. ಆದರೆ ಕೊನೆಗಾಲದಲ್ಲಿ ದುಃಖವೂ ಎದುರಾಯಿತು. 1904ರಲ್ಲಿ ಮಗ ಧರ್ಮಚಂದ್ ತೀರಿಕೊಂಡರು. ಮರುವರ್ಷ, 1905ರ ಜುಲೈ 5ರಂದು, ದೀನದಯಾಳರೂ ಮುಂಬಯಿಯಲ್ಲಿ ಕಣ್ಮುಚ್ಚಿದರು. ಅವರ 2,857 ಗಾಜಿನ ಫಲಕಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು 1989ರಲ್ಲಿ ಪಡೆದು ಕಾಪಾಡಿಕೊಂಡಿದೆ. 2006ರಲ್ಲಿ ಭಾರತ ಸರಕಾರವು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿತು.

ಇಂದು ಚಿತ್ರ ತೆಗೆಯುವುದು ಕಣ್ಣು ಮಿಟುಕಿಸಿದಷ್ಟು ಸುಲಭ. ಸಲಕರಣೆ ಎಷ್ಟೇ ಬೆಳೆದರೂ ಎದುರಿಗಿರುವ ಮನುಷ್ಯನನ್ನು ಗೌರವದಿಂದ ನೋಡುವ ಕಣ್ಣು ಮಾತ್ರ ಅಂಗಡಿಯಲ್ಲಿ ದೊರೆಯುವುದಿಲ್ಲ. ಅದನ್ನು ಸ್ವಂತ ಸಾಧನೆಯಿಂದಲೇ ಪಡೆಯಬೇಕೆಂಬುದಕ್ಕೆ ದೀನದಯಾಳರ ಬಾಳೇ ಸಾಕ್ಷಿ.